ಸೊನ್ನೆ ನಿಮಿಷ ತಡ

ಗೊತ್ತಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯನ್ನು ಬಿಟ್ಟರೆ ಇನ್ನೆಲ್ಲೂ ಅದರ ಬಳಕೆ ಇರಲಿಲ್ಲ. ಯಾರು ಏನು ಕೇಳಿದರೂ, ಕೇಳುವವರ ಬಾಯಿ ಮುಚ್ಚುವ ಮೊದಲೇ "ಗೊತ್ತು, ಗೊತ್ತು" ಎಂದು ತಲೆಯಾಡಿಸುವುದು ಅವನ ಅಭ್ಯಾಸ. ದಾರಿ ಕೇಳಿದವರನ್ನು ಧೈರ್ಯವಾಗಿ ಎಡಕ್ಕೆ ಕಳಿಸಿ, ಅವರು ಸುತ್ತಿ ಬಳಸಿ ಬೆವರು ಒರೆಸಿಕೊಳ್ಳುತ್ತ ಮತ್ತೆ ಅವನೆದುರಿಗೇ ಬಂದು ನಿಂತಾಗ, "ಇಲ್ಲಿಗೇ ಬರ್ತೀರಿ ಅಂತ ಗೊತ್ತಿತ್ತು" ಎಂದ ಗಟ್ಟಿಗ. ಇದರಲ್ಲಿ ಮೋಸವೇನೂ ಇರಲಿಲ್ಲ. ಗೊತ್ತಿಲ್ಲ ಎಂದುಬಿಟ್ಟರೆ ಪಾಪ ಎದುರಿಗಿದ್ದವರು ನೊಂದುಕೊಳ್ಳುತ್ತಾರೆ ಎಂಬ ಮೃದು ಸ್ವಭಾವ, ಅಷ್ಟೇ.

ಅವನ ಆಫೀಸು ನಗರದ ಬಸ್ ಸ್ಟಾಪುಗಳ ಬೋರ್ಡುಗಳನ್ನು ನೋಡಿಕೊಳ್ಳುತ್ತಿತ್ತು. ಕೆಂಪಕ್ಷರದ ಆ ಬೋರ್ಡುಗಳ ಮೇಲೆ ಯಾವ ಬಸ್ಸು, ಎಷ್ಟು ಗಂಟೆಗೆ ಬರಬೇಕು, ಎಷ್ಟು ನಿಮಿಷ ತಡ ಎಂಬ ಮೂರು ವಿಷಯ ಓಡುತ್ತಿದ್ದವು; ಅವನ್ನೇ ಜನ ತಮ್ಮ ಫೋನಿನಲ್ಲೂ ನೋಡಬಹುದಿತ್ತು. ಗೊತ್ತಪ್ಪ ಅಲ್ಲಿ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗದಿದ್ದರೆ ಮುಂದೇನು ಎಂಬುದು ಅವನಿಗೂ, ಅವನ ಹೆಂಡತಿಗೂ, ಹೆಂಡತಿಯ ಅಣ್ಣನಿಗೂ ಚೆನ್ನಾಗಿ ತಿಳಿದಿತ್ತು. ಆ ಭಾವನಿಗೆ ನಲ್ಲಿ, ಟೈಲ್ಸ್, ಕಮೋಡುಗಳ ಅಂಗಡಿ ಇತ್ತು. ಈ ಕೆಲಸ ಸಿಗುವ ಮುನ್ನ ಗೊತ್ತಪ್ಪ ಎರಡು ವರ್ಷ ಅಲ್ಲಿ ನಿಂತು ಗಿರಾಕಿಗಳಿಗೆ ಕಮೋಡಿನ ಗುಣಗಳನ್ನು ವಿವರಿಸಿದ್ದ. "ಕೂತು ತೋರಿಸೋ ಮಾರಾಯ, ಜನಕ್ಕೆ ನಂಬಿಕೆ ಬರ್ಲಿ" ಎಂದು ಜನ ತುಂಬಿದ ಅಂಗಡಿಯಲ್ಲಿ ಭಾವ ಕೂಗಿ ಹೇಳುತ್ತಿದ್ದ. ಆ ಕೂಗು ನೆನಪಾದರೆ ಗೊತ್ತಪ್ಪ ಈಗಲೂ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ.

ಒಂದು ಬೆಳಿಗ್ಗೆ ನಗರದ ಬೋರ್ಡುಗಳೆಲ್ಲ ಒಟ್ಟಿಗೆ ಕಪ್ಪಾದವು. ಮ್ಯಾನೇಜರು ಎಲ್ಲರನ್ನೂ ಕೋಣೆಗೆ ಕರೆದು, ಕಂಪ್ಯೂಟರ್ ಪರದೆಯ ಮೇಲೆ ಬಂದಿದ್ದ ಮಾರುದ್ದದ ದೂರನ್ನು ಓದಿದರು.

"ಸೀರಿಯಲೈಸೇಶನ್ ಎರರ್ ಅಂತೆ. ಇದೇನು ಅಂತ ಯಾರಿಗ್ರೀ ಗೊತ್ತು?"

ಗೊತ್ತಪ್ಪ ಆಗ ತನ್ನ ಊಟದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿದ್ದೇನೋ ಇಲ್ಲವೋ ಎಂಬ ಯೋಚನೆಯಲ್ಲಿದ್ದ. 'ಗೊತ್ತು' ಎಂಬ ಪದ ಕಿವಿಗೆ ಬಿದ್ದದ್ದೇ ತಡ, ತಲೆ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡಿತು. ಕೋಣೆಯಲ್ಲಿ ಮಿಕ್ಕ ತಲೆಗಳೆಲ್ಲ ಮೇಜನ್ನೇ ನೋಡುತ್ತಿದ್ದುದರಿಂದ ಈ ಒಂದು ತಲೆ ಎದ್ದು ಕಂಡಿತು.

"ಭೇಷ್! ಇವತ್ತಿಂದ ಇದು ನಿಮ್ಮ ಜವಾಬ್ದಾರಿ. ಇದೊಂದನ್ನ ದಡ ಮುಟ್ಟಿಸಿ, ಖಾಯಂ ಆರ್ಡರ್ ಕೊಡಿಸೋದು ನನ್ನ ಜವಾಬ್ದಾರಿ. ಮುಟ್ಟಿಸ್ಲಿಲ್ಲ ಅಂದ್ರೆ..." ಮ್ಯಾನೇಜರು ಉಳಿದದ್ದನ್ನು ಗಾಳಿಯಲ್ಲಿ ಬಿಟ್ಟರು. ಆ ಗಾಳಿಯಲ್ಲಿ ಗೊತ್ತಪ್ಪನಿಗೆ ಸಾಲುಸಾಲಾಗಿ ಬಿಳೀ ಕಮೋಡುಗಳು ಕಂಡವು.

ವಿಷಯ ಏನೆಂದರೆ, ಇಡೀ ನಗರದ ಬಸ್ಸುಗಳ ಲೆಕ್ಕ ಒಂದು ಮಷೀನಿನ ಕೈಲಿ ಆಗುವಂಥದ್ದಲ್ಲ. ಅದಕ್ಕೆಂದೇ ಇಪ್ಪತ್ತು ಮಷೀನುಗಳನ್ನು ಬೇರೆ ಬೇರೆ ಕಡೆ ಕೂರಿಸಿದ್ದರು. ಮುಖ್ಯ ಮಷೀನು ಲೆಕ್ಕ ಮಾಡುವ ಪ್ರೋಗ್ರಾಮಿನ ಒಂದು ಸಣ್ಣ ತುಣುಕನ್ನು ಮಡಿಚಿ, ಗಂಟು ಕಟ್ಟಿ, ತಂತಿಯ ಮೂಲಕ ಇಪ್ಪತ್ತಕ್ಕೂ ಕಳಿಸಬೇಕು. ಅವು ಗಂಟು ಬಿಚ್ಚಿ ತಮ್ಮ ಪಾಲಿನ ಲೆಕ್ಕ ಮಾಡಬೇಕು. ಈ ಗಂಟು ಕಟ್ಟುವ ಕೆಲಸಕ್ಕೇ ಸೀರಿಯಲೈಸೇಶನ್ ಎಂದು ಹೆಸರು. ಈಗ ಆ ತುಣುಕು ಗಂಟಾಗಲು ಒಪ್ಪುತ್ತಿರಲಿಲ್ಲ. ಬಸ್ ಡಿಪೋ ಜೊತೆ ಸದಾ ತೆರೆದಿರುವ ಒಂದು ಫೋನ್ ಲೈನನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಮಾತಾಡುತ್ತಿರುವ ಫೋನನ್ನು ಮಡಿಚಿ ಗಂಟು ಕಟ್ಟುವುದು ಯಾವ ಮಷೀನಿಗೂ ಸಾಧ್ಯವಿಲ್ಲ. ಹೋದ ವಾರ ಆ ತುಣುಕನ್ನು ಬರೆದವನು ಗೊತ್ತಪ್ಪನೇ. ಮೀಟಿಂಗಿನಲ್ಲಿ ಈ ವಿಷಯವನ್ನು ಯಾರೂ ಎತ್ತಲಿಲ್ಲ, ದೊಡ್ಡ ಮನಸ್ಸು ಮಾಡಿ ಅವನೂ ಎತ್ತಲಿಲ್ಲ.

ಮೊದಲು ಅವನು ಆ ತುಣುಕಿನ ನೆತ್ತಿಗೆ 'ಇದು ಗಂಟಾಗುತ್ತದೆ' ಎಂದು ಒಂದು ಲೇಬಲ್ ಅಂಟಿಸಿದ. ಲೇಬಲ್ ಇದ್ದ ಮೇಲೆ ಮಷೀನು ನಂಬಬೇಕು ತಾನೇ? ನಂಬಿತು. ಕಟ್ಟಲು ಹೋಗಿ, ಒಳಗೆ ಫೋನ್ ಸಿಕ್ಕಿ, ಮೊದಲಿಗಿಂತ ಇಮ್ಮಡಿ ಉದ್ದದ ದೂರನ್ನು ಕಾರಿತು. ಆಮೇಲೆ ಎಲ್ಲೋ ಓದಿ ಇನ್ನೊಂದು ಉಪಾಯ ಮಾಡಿದ. ಫೋನಿನ ಮುಂದೆ 'ಕಟ್ಟುವಾಗ ಇದನ್ನು ಬಿಟ್ಟುಬಿಡು' ಎಂಬರ್ಥದ ಒಂದು ಮಾತು ಸೇರಿಸಿದ. ಗಂಟು ಸಲೀಸಾಗಿ ಹೋಯಿತು. ಅಲ್ಲಿ ಬಿಚ್ಚಿ ನೋಡಿದರೆ ಫೋನೇ ಇಲ್ಲ! ಬಸ್ಸೆಷ್ಟು ತಡ ಎಂದು ಯಾರನ್ನು ಕೇಳಬೇಕೆಂದು ತಿಳಿಯದೆ ಇಪ್ಪತ್ತೂ ಮಷೀನುಗಳು ನಿಂತಲ್ಲೇ ಕುಸಿದವು. ಗೊತ್ತಪ್ಪ ತಲೆ ಕೆರೆದುಕೊಂಡು ಕೊನೆಗೆ ಒಂದೇ ಒಂದು ಸಾಲು ಬರೆದ: ಫೋನ್ ಇಲ್ಲದಿದ್ದರೆ ಸೊನ್ನೆ ಎಂದುಕೋ.

ಎಲ್ಲ ಸರಿಹೋಯಿತು. ಕೆಂಪು ದೂರುಗಳು ಮಾಯವಾದವು, ನಗರದ ಬೋರ್ಡುಗಳು ಮತ್ತೆ ಬೆಳಗಿದವು. ಮ್ಯಾನೇಜರು ಬಂದು ಅವನ ಬೆನ್ನು ತಟ್ಟಿದರು. ಎಲ್ಲ ಸ್ಟಾಪುಗಳಲ್ಲೂ ಎಲ್ಲ ಬಸ್ಸುಗಳ ಮುಂದೆಯೂ 'ತಡ: 0 ನಿಮಿಷ' ಎಂದು ಬರುತ್ತಿದೆ ಎಂಬುದನ್ನು ಆಫೀಸಿನಲ್ಲಿ ಯಾರೂ ಗಮನಿಸಲಿಲ್ಲ. ಅಲ್ಲಿ ಬಸ್ಸಿನಲ್ಲಿ ಓಡಾಡುತ್ತಿದ್ದವನು ಗೊತ್ತಪ್ಪ ಒಬ್ಬನೇ.

ಗಮನಿಸಿದವರು ಗೊತ್ತಪ್ಪನ ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಬಸ್ ಡ್ರೈವರು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಬಸ್ ಸ್ಟಾಪಿಗೆ ಬಂದು ಕೂತು ಹೋಗದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಮರುದಿನ ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಗೊತ್ತಪ್ಪನನ್ನು ಹಿಡಿದರು.

"ಏನಯ್ಯಾ, ಈ ಬೋರ್ಡು ನಿಮ್ಮ ಆಫೀಸಿಂದಲ್ವಾ?"

"ಹೌದು ಯಜಮಾನ್ರೇ. ನಾನೇ ರಿಪೇರಿ ಮಾಡಿದ್ದು."

"ಒಂಬತ್ತು ಹತ್ತರ ಬಸ್ಸು, ತಡ ಸೊನ್ನೆ ಅಂತಿದೆ. ಈಗ ಗಂಟೆ ಎಷ್ಟು?"

"ಒಂಬತ್ತು ಐವತ್ತು."

"ಬಸ್ಸೆಲ್ಲಿ?"

"ಬರ್ತಾ ಇರುತ್ತೆ."

"ಇನ್ನೂ ಬರ್ತಾ ಇದ್ರೆ ಅದು ತಡ ಅಲ್ವೇನಯ್ಯಾ?"

"ಬೋರ್ಡಲ್ಲಿ ಇಲ್ವಲ್ಲ ಯಜಮಾನ್ರೇ."

ಡ್ರೈವರ ಮೀಸೆ ಕುಣಿಯಿತು. "ಮೂವತ್ತು ವರ್ಷ ಇದೇ ರೂಟಲ್ಲಿ ಬಸ್ ಓಡಿಸಿದೀನಿ. ಒಂದು ದಿನಾನೂ ಟೈಮಿಗೆ ಹೋಗಿಲ್ಲ. ನಾನೂ ಹೋಗಿಲ್ಲ, ಯಾರೂ ಹೋಗಿಲ್ಲ. ಮೊನ್ನೆ ಸೇರಿದ ಹುಡುಗ್ರು ದಿನಾ ಟೈಮಿಗೆ ಹೋಗ್ತಾರೆ ಅಂತ ನೀನು ಬರೆದ್ರೆ ನಮ್ಮ ಸರ್ವೀಸಿಗೆ ಏನು ಮರ್ಯಾದೆ ಉಳೀತು?"

ಗೊತ್ತಪ್ಪ "ಗೊತ್ತು" ಎಂದಷ್ಟೇ ಹೇಳಿ, ಕೊನೆಗೂ ಬಂದ ಬಸ್ಸು ಹತ್ತಿದ.

ಸಂಜೆ ಮನೆಯಲ್ಲಿ ಇನ್ನೊಂದು ಕಾದಿತ್ತು. ಅವನ ಹೆಂಡತಿ ಶಾಲೆಯಲ್ಲಿ ಟೀಚರು. ಕೈಚೀಲವನ್ನು ಕುರ್ಚಿಯ ಮೇಲೆ ಎಸೆದ ರೀತಿಯಲ್ಲೇ ವಿಷಯ ಗಂಭೀರವೆಂದು ತಿಳಿಯುತ್ತಿತ್ತು.

"ರೀ, ಇವತ್ತು ಬಸ್ಸು ಮುಕ್ಕಾಲು ಗಂಟೆ ಲೇಟು. ಹೆಡ್ ಮಿಸ್‌ಗೆ ಹೇಳಿದ್ರೆ ಫೋನ್ ತೆಗೆದು ನಿಮ್ಮ ಬೋರ್ಡು ತೋರಿಸ್ತಾರೆ. 'ನೋಡೀಮ್ಮಾ, ಸೊನ್ನೆ ನಿಮಿಷ. ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?' ಅಂತ. ಮಕ್ಕಳ ಮುಂದೆ!"

"ನಾನು ಬಂದು ಹೇಳಲಾ?"

"ಏನಂತ ಹೇಳ್ತೀರಿ? 'ನಿಮ್ಮ ಯಜಮಾನ್ರೇ ತಾನೇ ಅದನ್ನ ಸರಿಮಾಡಿದ್ದು, ಅವರ ಮಾತು ನಂಬ್ಲಾ, ನಿಮ್ಮ ಮಾತು ನಂಬ್ಲಾ' ಅಂದ್ರು. ಇನ್ನೊಂದು ಸಲ ಆದ್ರೆ ಮೆಮೊ ಅಂತೆ."

ದಿನ ಕಳೆದಂತೆ ಇದು ಮನೆಮನೆಯ ಕಥೆಯಾಯಿತು. ಬಸ್ಸು ತಡವಾಯಿತು ಎಂಬ ಸಬೂಬನ್ನು ನಗರದಲ್ಲಿ ಯಾರೂ ಒಪ್ಪದಂತಾದರು. ಹಲ್ಲಿನ ಡಾಕ್ಟರು ತಡವಾಗಿ ಬಂದ ರೋಗಿಯನ್ನು ಊದಿದ ಕೆನ್ನೆಯ ಸಮೇತ ಹಿಂದಕ್ಕೆ ಕಳಿಸಿದರು. ಹುಡುಗಿ ನೋಡಲು ಹೊರಟಿದ್ದ ಒಬ್ಬ ಗಂಡು ಬಸ್ಸಿಗೆ ಕಾದು ಕಾದು ತಲುಪುವಷ್ಟರಲ್ಲಿ, ಬೋರ್ಡು ನೋಡಿದ್ದ ಹುಡುಗಿಯ ತಂದೆ "ಬಸ್ಸು ಟೈಮಿಗಿದೆ, ನಿಮಗೇ ಮನಸ್ಸಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಬಸ್ಸಿನವರು ಮಾತ್ರ ಬಹಳ ಸಂತೋಷದಲ್ಲಿದ್ದರು. ಒಬ್ಬ ಕಂಡಕ್ಟರಂತೂ ಬೈಯುತ್ತ ಹತ್ತಿದ ಪ್ರಯಾಣಿಕರಿಗೆ ಬೋರ್ಡು ತೋರಿಸಿ, "ನೀವೇ ಬೇಗ ಬಂದಿದೀರಿ" ಎಂದನಂತೆ.

ಗೊತ್ತಪ್ಪ ಆಫೀಸಿನಲ್ಲಿ ಗುಟ್ಟಾಗಿ ಆ ಸೊನ್ನೆಯ ಸಾಲನ್ನು ಅಳಿಸಿ ನೋಡಿದ. ಬೋರ್ಡುಗಳು ಕಪ್ಪಾದವು. ಗಾಬರಿಬಿದ್ದು ಮತ್ತೆ ಬರೆದ. ಬೆಳಗಿದವು. ತನ್ನ ಒಂದೇ ಮಷೀನಿನಲ್ಲಿ ಓಡಿಸಿದರೆ ಎಲ್ಲ ಬಸ್ಸುಗಳ ನಿಜವಾದ ತಡವೂ ಮುತ್ತಿನ ಹಾಗೆ ಬರುತ್ತಿತ್ತು. ಮನೆ ಬಿಟ್ಟು ಹೊರಡುವ ಪ್ರಸಂಗವಿಲ್ಲದಿದ್ದರೆ ಗಂಟು ಕಟ್ಟುವ ತಾಪತ್ರಯ ಯಾರಿಗಿದೆ? ಇಪ್ಪತ್ತಕ್ಕೆ ಕಳಿಸಿದರೆ ಬರೀ ಸೊನ್ನೆ. ಸರಿಪಡಿಸುವುದು ಹೇಗೆಂದು ಯಾರನ್ನಾದರೂ ಕೇಳೋಣವೆಂದರೆ, ಎಲ್ಲರೂ ಅವನನ್ನೇ ಕೇಳಲು ಬರುತ್ತಿದ್ದರು.

ಆ ಭಾನುವಾರ ಅತ್ತೆ ಬಂದರು.

ಮುಂದಿನ ಕೋಣೆಯ ಕಿಟಕಿಗೆ ಒಂದು ಪರದೆ ಹೊಲಿದುಕೊಡು ಎಂದು ಮಗಳು ತಾಯಿಗೆ ಹೇಳಿದ್ದಳು. ಪರದೆ ಬರುತ್ತದೆ ಎಂದು ಬಾಗಿಲಿಗೆ ಹೋದ ಗೊತ್ತಪ್ಪನ ಮುಂದೆ ಒಂದು ಲಗೇಜ್ ಆಟೊ ಬಂದು ನಿಂತಿತು. ಅದರಿಂದ ಮೊದಲು ಅತ್ತೆ ಇಳಿದರು. ಆಮೇಲೆ ಹೊಲಿಗೆ ಮಷೀನು, ಅದರ ಮೇಜು, ಒಂದು ಸ್ಟೂಲು, ಒಬ್ಬ ಹೆಂಗಸು, ಕೊನೆಗೆ ಎಲ್ಲರನ್ನೂ ನೋಡಿ ನಗುತ್ತಿದ್ದ ಒಬ್ಬ ವಯಸ್ಸಾದ ಗಂಡಸು ಇಳಿದರು.

"ಅತ್ತೆ, ಪರದೆ ಒಂದು ಸಾಕಿತ್ತಲ್ಲ."

"ಪರದೆ ಎಲ್ಲಿ ಮುಗಿದಿದೆ ಅಳಿಯಂದಿರೇ? ಸೂಜಿ ಕೆಳಗೇ ಇದೆ ನೋಡಿ. ಎಳೆದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ. ಅದಕ್ಕೇ ಮಷೀನ್ ಸಮೇತ ತಂದೆ."

"ಸ್ಟೂಲು?"

"ನಿಂತ್ಕೊಂಡು ಹೊಲೀಲಾ?"

"ಇವರು..."

"ಪಕ್ಕದ್ಮನೆಯವರು. ಸೂಜಿಗೆ ದಾರ ಹಾಕೋಕೆ. ನನಗೆ ಕಣ್ಣು ಕಾಣಲ್ವಲ್ಲ."

"ಅವರು?"

"ಇವರ ಯಜಮಾನ್ರು. ಮನೆಗೆ ಇರೋದು ಒಂದೇ ಬೀಗದ ಕೈ. ಒಳಗೆ ಬಿಟ್ಟು ಬೀಗ ಜಡಿಯೋಕಾಗುತ್ತಾ?"

ಯಜಮಾನರು ಇನ್ನಷ್ಟು ಅಗಲವಾಗಿ ನಕ್ಕರು. ಗೊತ್ತಪ್ಪ ಮಷೀನನ್ನು ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತತೊಡಗಿದ. ಅದರಿಂದ ಜೋತಾಡುತ್ತಿದ್ದ ಅರ್ಧ ಪರದೆ ಅವನ ಮುಖವನ್ನು ಮುಚ್ಚಿತ್ತು.

"ಮುಗಿಸಿಯೇ ತರಬಹುದಿತ್ತಲ್ಲ ಅತ್ತೆ!" ಎಂದ ಪರದೆಯೊಳಗಿಂದ.

"ಹೇಗೆ ಮುಗಿಸ್ಲಿ? ನಿಮ್ಮ ಕಿಟಕಿ ಎಷ್ಟು ಅಗಲ ಇದೆ ಅಂತ ನೋಡ್ಬೇಡ್ವಾ?"

"ಅಯ್ಯೋ, ಅದಕ್ಕೆ ಇಷ್ಟೆಲ್ಲ ಹೊತ್ಕೊಂಡು ಬರೋದಾ? ಮೊದಲೇ ಒಂದು ಮಾತು ಕೇಳಿದ್ರೆ ಅಳತೆ ಹೇಳ್ತಿದ್ನಲ್ಲ! ನಿಮಗೆ ಬೇಕಾಗಿದ್ದು ಒಂದೇ ಒಂದು ಅಳತೆ! ಅದಕ್ಕೋಸ್ಕರ ಮಷೀನು, ಮೇಜು, ದಾರ ಹಾಕೋರು, ಅವರ ಯಜಮಾನ್ರು..."

ಅಷ್ಟು ಹೇಳಿ ಗೊತ್ತಪ್ಪ ನಡುಮೆಟ್ಟಿಲಲ್ಲಿ ಕಂಬದಂತೆ ನಿಂತುಬಿಟ್ಟ. ಹಿಂದಿನಿಂದ ಮೇಜು ಹೊತ್ತು ಬರುತ್ತಿದ್ದ ಆಟೊದವನು ಬಂದು ಅವನಿಗೆ ಗುದ್ದಿದ. ಗೊತ್ತಪ್ಪನಿಗೆ ಅದರ ಪರಿವೆಯೇ ಇರಲಿಲ್ಲ.

ತನ್ನ ತುಣುಕು ಮಾಡುತ್ತಿದ್ದದ್ದೂ ಇದನ್ನೇ! ಅದಕ್ಕೆ ಬೇಕಾಗಿದ್ದದ್ದು ಒಂದೊಂದು ಬಸ್ಸಿಗೆ ಒಂದೊಂದು ಸಂಖ್ಯೆ. ಅದನ್ನು ಬಿಟ್ಟು, ಆ ಸಂಖ್ಯೆ ಹೇಳುವ ಫೋನನ್ನೂ ಫೋನಿರುವ ಇಡೀ ಸಂಸಾರವನ್ನೂ ಸೆರಗು ಹಿಡಿದು ಎಳೆದುಕೊಂಡು ಹೊರಟಿತ್ತು. ಹೊರಡುವ ಮೊದಲೇ ಇಲ್ಲಿ ಡಿಪೋವನ್ನು ಕೇಳಿ, ಸಂಖ್ಯೆಗಳನ್ನಷ್ಟೇ ಕೈಗೆ ತೆಗೆದುಕೊಂಡು, ಅವನ್ನು ಮಾತ್ರ ಗಂಟು ಕಟ್ಟಿದರೆ ಮುಗಿಯಿತು. ಫೋನ್ ತನ್ನ ಪಾಡಿಗೆ ಮನೆಯಲ್ಲೇ ಇರಲಿ!

ಮಷೀನನ್ನು ಮೆಟ್ಟಿಲ ಮೇಲೇ ಇಳಿಸಿ ಅವನು ತನ್ನ ಲ್ಯಾಪ್‌ಟಾಪಿನ ಮುಂದೆ ಕೂತ. ಪಕ್ಕದ ಮನೆಯವರು ದಾರ ಹಾಕಿ, ಅತ್ತೆ ಕಿಟಕಿ ಅಳೆದು, ಪರದೆ ಮುಗಿಯುವ ಹೊತ್ತಿಗೆ ಅವನದೂ ಮುಗಿದಿತ್ತು. ನಾಲ್ಕಾರು ಬಸ್ಸುಗಳನ್ನು ಇಟ್ಟುಕೊಂಡು ಇಪ್ಪತ್ತೂ ಮಷೀನುಗಳಿಗೆ ಕಳಿಸಿ ಪರೀಕ್ಷಿಸಿದ. ನಿಜವಾದ ತಡ, ನಿಮಿಷ ನಿಮಿಷಕ್ಕೆ ಸರಿಯಾಗಿ, ಬಂದು ನಿಂತಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಗೊತ್ತಪ್ಪನಿಗೆ ಒಂದು ವಿಷಯ ಗೊತ್ತಾಗಿತ್ತು. ಅಭ್ಯಾಸವಿಲ್ಲದ ದೇಹ, ಆ ಸುಖವನ್ನು ತಡೆದುಕೊಳ್ಳಲಾಗದೆ ಮನೆಯೆಲ್ಲ ಶತಪಥ ಹಾಕಿದ.

ಸೋಮವಾರ ಮ್ಯಾನೇಜರ ಕೋಣೆಗೆ ಓಡಿದರೆ, ಅವರೇ ಎದ್ದು ಬಂದು ಕೈಕುಲುಕಿದರು.

"ಬಸ್ ಇಲಾಖೆಯ ದೊಡ್ಡ ಸಾಹೇಬ್ರು ನಾಡಿದ್ದು ನಮ್ಮ ಆಫೀಸಿಗೆ ಬರ್ತಿದಾರೆ ಕಣ್ರೀ! ವಾರವೆಲ್ಲ ಒಂದು ಬಸ್ಸೂ ತಡ ಇಲ್ಲ ಅಂತ ವರದಿ ಹೋಗಿದೆ. ಅವರಿಗೆ ಮೇಲಿನವರಿಂದ ಹೊಗಳಿಕೆ ಬಂದಿದೆ. ನಿಮ್ಮ ಖಾಯಂ ಆರ್ಡರನ್ನ ವೇದಿಕೆ ಮೇಲೆ ಅವರ ಕೈಯಿಂದಲೇ ಕೊಡಿಸ್ತೀನಿ."

"ಸಾರ್, ಆ ಸೊನ್ನೆ ಇದೆಯಲ್ಲ, ಅದು ನಿಜ ಅಲ್ಲ."

"ನಿಜ ಅಂತ ನಾನೆಲ್ಲಿ ಹೇಳಿದೆ? ವರದಿ ಅಂದೆ."

"ಸಾರ್, ನನಗೀಗ ನಿಜವಾಗ್ಲೂ ಗೊತ್ತಾಗಿದೆ. ಒಂದು ಗುಂಡಿ ಒತ್ತಿದ್ರೆ..."

"ನಾಡಿದ್ದಿನವರೆಗೂ ನೀವು ಯಾವ ಗುಂಡೀನೂ ಒತ್ತಬಾರದು. ಅಂಗಿ ಗುಂಡಿ ಹಾಕ್ಕೊಳ್ಳೋದಿದ್ರೂ ನನ್ನ ಕೇಳಿ ಹಾಕ್ಕೊಳ್ಳಿ."

ಅಂದು ಸಂಜೆ ಹೆಂಡತಿ ಮೆಮೊ ತಂದಿದ್ದಳು. ಆದರೂ ಸುದ್ದಿ ಕೇಳಿ, ಮೆಮೊವನ್ನು ಪಕ್ಕಕ್ಕಿಟ್ಟು, ಲೋಕ ಕಂಡವಳಂತೆ ಮಾತಾಡಿದಳು. "ಮೊದಲು ಖಾಯಂ ಆಗ್ಲಿ. ಸರಿ ಮಾಡೋದು ಆಮೇಲೂ ಮಾಡಬಹುದು. ವೇದಿಕೆ ಮೇಲೆ ಬಾಯಿ ಬಿಡಬೇಡಿ, ಕವರ್ ತಗೊಳ್ಳಿ, ಇಳಿದುಬಿಡಿ." ಅದೇ ಹೊತ್ತಿಗೆ ಭಾವನ ಫೋನು ಬಂತು. "ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ. ಹೊಸ ಮಾಡೆಲ್ ಬಂದಿದೆ, ಬಿಸಿನೀರು ಚಿಮ್ಮುತ್ತೆ. ಕೂತು ತೋರಿಸೋಕೆ ಜನ ಬೇಕು." ಗೊತ್ತಪ್ಪ ಬಾಯಿ ಬಿಡುವುದಿಲ್ಲವೆಂದು ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ.

ಸಮಾರಂಭದ ದಿನ ಆಫೀಸಿನ ದೊಡ್ಡ ಹಾಲಿನ ಗೋಡೆಯ ಮೇಲೆ ಇಡೀ ನಗರದ ಬೋರ್ಡನ್ನು ಹಾಕಿದ್ದರು. ಮೇಲಿಂದ ಕೆಳಗಿನವರೆಗೆ ಸೊನ್ನೆಯೇ ಸೊನ್ನೆ. ಮುಂದಿನ ಸಾಲಿನಲ್ಲಿ ಗೊತ್ತಪ್ಪನ ಹೆಂಡತಿ, ಅತ್ತೆ, ಕರೆಯದೆಯೇ ಬಂದಿದ್ದ ನಿವೃತ್ತ ಡ್ರೈವರು ಕೂತಿದ್ದರು. ದೊಡ್ಡ ಸಾಹೇಬರು ಒಂದು ಗಂಟೆ ತಡವಾಗಿ ಬಂದು, ಸಮಯಪಾಲನೆಯ ಬಗ್ಗೆ ಮನಮುಟ್ಟುವಂತೆ ಮಾತಾಡಿದರು. ಆಮೇಲೆ ಕವರನ್ನು ಕೈಗೆತ್ತಿಕೊಂಡರು. ಗೊತ್ತಪ್ಪನೂ ಕೈ ಚಾಚಿದ. ಕವರಿನ ಒಂದು ತುದಿ ಸಾಹೇಬರ ಕೈಯಲ್ಲಿ, ಇನ್ನೊಂದು ಗೊತ್ತಪ್ಪನ ಕೈಯಲ್ಲಿ ಇತ್ತು. ಅವರು ಬಿಟ್ಟಿದ್ದರೆ ಅವನು ಖಾಯಂ.

ಅವರು ಬಿಡಲಿಲ್ಲ. "ಒಂದು ಕುತೂಹಲ. ಅಂಥಾದ್ದು ಏನು ಮಾಡಿದ್ರಿ ನೀವು? ನನ್ನಂಥವನಿಗೂ ಅರ್ಥ ಆಗೋ ಹಾಗೆ ಹೇಳಿ ನೋಡೋಣ" ಎಂದರು.

ಜೀವಮಾನದಲ್ಲಿ ಒಂದೇ ಒಂದು ವಿಷಯ ತಿಳಿದಿದ್ದವನಿಗೆ ಅದನ್ನೇ ಕೇಳಿದರೆ ಅವನು ಏನು ತಾನೆ ಮಾಡಿಯಾನು? ಹೆಂಡತಿ ಬೇಡ ಬೇಡವೆಂದು ತಲೆಯಾಡಿಸಿದಳು. ಮ್ಯಾನೇಜರು ಕೆಮ್ಮಿದರು. ಅತ್ತೆ ಮಾತ್ರ, "ಹೇಳಿ ಅಳಿಯಂದಿರೇ, ಸಂಕೋಚ ಯಾಕೆ?" ಎಂದು ಕೂತಲ್ಲಿಂದಲೇ ಹುರಿದುಂಬಿಸಿದರು.

ಗೊತ್ತಪ್ಪ ಹೇಳಿದ. ಪರದೆಯಿಂದ ಹಿಡಿದು ಬೀಗದ ಕೈವರೆಗೆ ಒಂದನ್ನೂ ಬಿಡದೆ ಹೇಳಿದ. ಹೊಲಿಗೆ ಮಷೀನಿನ ಮಾತು ಬಂದಾಗ ಅತ್ತೆ ಎದ್ದು ನಿಂತು ಸಭೆಗೆ ನಮಸ್ಕಾರ ಮಾಡಿದರು. ಅಷ್ಟು ಸೊಗಸಾಗಿ ಅವನು ಎಂದೂ ಮಾತಾಡಿರಲಿಲ್ಲ, ಆ ಆಫೀಸಿನಲ್ಲಿ ಯಾರೂ ಮಾತಾಡಿರಲಿಲ್ಲ. ದೊಡ್ಡ ಸಾಹೇಬರಿಗೆ ಎಲ್ಲ ಅರ್ಥವಾಯಿತು. ಅವನ ದುರದೃಷ್ಟ, ತುಸು ಹೆಚ್ಚಾಗಿಯೇ ಅರ್ಥವಾಯಿತು.

"ಹಾಗಾದ್ರೆ, ಗೋಡೆ ಮೇಲಿರೋ ಈ ಸೊನ್ನೆಗಳು?"

"ಅವು ಫೋನ್ ಇಲ್ದೆ ಹಾಕಿದ ಸೊನ್ನೆಗಳು ಸಾರ್. ನಿಜವಾದದ್ದು ಇಲ್ಲಿದೆ, ನೋಡಿ!" ಎಂದು ಗೊತ್ತಪ್ಪ ಉತ್ಸಾಹದಲ್ಲಿ ಕವರನ್ನು ಬಿಟ್ಟು, ವೇದಿಕೆಯ ಮೇಲಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಗೋಡೆಯ ಮೇಲಿನ ಸೊನ್ನೆಗಳು ಒಂದೊಂದಾಗಿ ಉರುಳಿದವು. ನಲವತ್ತು ನಿಮಿಷ, ಐವತ್ತೈದು ನಿಮಿಷ, ಒಂದೂಕಾಲು ಗಂಟೆ. ಡಿಪೋ ಬಿಟ್ಟೇ ಇರದ ಬಸ್ಸುಗಳು ಒಂದಷ್ಟಿದ್ದವು. "ಶಭಾಷ್! ಇದಪ್ಪ ನಮ್ಮ ಸರ್ವೀಸು!" ಎಂದು ನಿವೃತ್ತ ಡ್ರೈವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೊತ್ತಪ್ಪನ ಹೆಂಡತಿ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡು, ಹೆಡ್ ಮಿಸ್‌ಗೆ ತೋರಿಸಲು ಬೋರ್ಡಿನ ಫೋಟೊ ತೆಗೆದುಕೊಂಡಳು.

ದೊಡ್ಡ ಸಾಹೇಬರು ಕವರನ್ನು ಎರಡಾಗಿ ಮಡಿಚಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. "ತಾಂತ್ರಿಕ ದೋಷ" ಎಂದು ಸಭೆಗೆ ತಿಳಿಸಿ ಇಳಿದು ಹೋದರು. ಮ್ಯಾನೇಜರು ಅವನ ಬಳಿಗೆ ಓಡಿ ಬಂದು, "ಏನು ಮಾಡಿದ್ರಿ ಅಂತ ಗೊತ್ತೇನ್ರೀ ನಿಮಗೆ?" ಎಂದರು.

"ಗೊತ್ತು ಸಾರ್" ಎಂದ ಗೊತ್ತಪ್ಪ. ಪಾಪ, ಗೊತ್ತಿತ್ತು.

ಆಮೇಲೆ ಆಫೀಸಿನವರು ಆ ಸೊನ್ನೆಗಳನ್ನು ಮತ್ತೆ ತರಲು ಬಹಳ ಹೆಣಗಿದರಂತೆ. ಯಾರಿಗೂ ಆಗಲಿಲ್ಲ. ಅಂಥ ತಪ್ಪನ್ನು ಬೇಕೆಂದು ಕೂತು ಮಾಡುವುದು ಗೊತ್ತಪ್ಪನಷ್ಟು ನುರಿತವರಲ್ಲದವರಿಗೆ ಕಷ್ಟ.

ಮುಂದಿನ ಸೋಮವಾರ ಅವನು ಭಾವನ ಅಂಗಡಿಗೆ ಹೊರಟು ಸ್ಟಾಪಿನಲ್ಲಿ ನಿಂತಿದ್ದ. ಬಸ್ಸು ಮೂವತ್ತೈದು ನಿಮಿಷ ತಡ ಎಂದು ಬೋರ್ಡು ಹೇಳುತ್ತಿತ್ತು. ನಿವೃತ್ತ ಡ್ರೈವರು ಎಂದಿನಂತೆ ಬೆಂಚಿನ ಮೇಲಿದ್ದರು. ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ಬಂದು ಬೋರ್ಡು ಓದಿ, ನಿರಾಳವಾಗಿ ಚೀಲವನ್ನು ಕೆಳಗಿಟ್ಟು ಕೂತರು.

"ಬೋರ್ಡು ಈಗ ಸರಿಯಾಗಿ ಹೇಳುತ್ತೆ ನೋಡಿ. ಎಷ್ಟು ಹೊತ್ತು ಅಂತ ಗೊತ್ತಾದ್ರೆ ಕಾಯೋದು ಕಷ್ಟ ಇಲ್ಲ. ಯಾರೋ ಕೆಲಸ ಬಲ್ಲವನು ಬಂದಿರ್ಬೇಕು ಆ ಆಫೀಸಿಗೆ" ಎಂದರು.

ಡ್ರೈವರು ಗೊತ್ತಪ್ಪನನ್ನು ಒಮ್ಮೆ ನೋಡಿ, ಮುಖ ಆಚೆ ತಿರುಗಿಸಿ ಹೇಳಿದರು:

"ಹೂಂ ಕಣಮ್ಮ. ಗೊತ್ತಾದ ಕೂಡ್ಲೇ ತೆಗೆದುಹಾಕಿದ್ರು."